ದತ್ತು ಖರ್ಚಿನ ಬಗ್ಗೆ ಭಾನುವಾರದ ಕರೆ

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ 5ಕ್ಕೆ ವಿಡಿಯೋ ಕರೆ ಇದೆ. ಮಗುವನ್ನು ದತ್ತು ಪಡೆಯಲು ಹಣ ಹೊಂದಿಸುತ್ತಿರುವವರು, ಅರ್ಜಿ ಹಾಕಿ ಕಾಯುತ್ತಿರುವವರು ತಪ್ಪದೆ ಬನ್ನಿ.

ಅದಕ್ಕೆ ಮುಂಚೆ ಖರ್ಚಿನ ಪಟ್ಟಿ ಬರೆದಿಟ್ಟುಕೊಳ್ಳಿ. ಸಂಸ್ಥೆಯ ಶುಲ್ಕ, ಕಾಗದಪತ್ರ, ವಕೀಲರು, ಓಡಾಟ ಎಲ್ಲರಿಗೂ ನೆನಪಿರುತ್ತವೆ. ಮಗು ಬಂದ ಮೇಲೆ ರಜೆ ಹಾಕಿ ಮನೆಯಲ್ಲಿರಬೇಕಾದ ತಿಂಗಳುಗಳು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಆಗ ಸಂಬಳ ಕಡಿಮೆ, ಡಾಕ್ಟರ್ ಖರ್ಚು ಜಾಸ್ತಿ. ಅದಕ್ಕೆಂದೇ ಬೇರೆ ಖಾತೆ ತೆರೆದು, ಸಂಬಳ ಬಂದ ದಿನವೇ ಒಂದಷ್ಟು ಹಣ ತಾನಾಗಿ ಅಲ್ಲಿಗೆ ಹೋಗುವಂತೆ ಮಾಡಿ.

ನೆಂಟರು, ಗೆಳೆಯರ ಹತ್ತಿರ ಸಹಾಯ ಕೇಳಲು ಸಂಕೋಚ ಬೇಡ. ಆದರೆ ಮಗುವಿನ ಫೋಟೋ, ಹೆಸರು, ಹಿನ್ನೆಲೆ ಹಾಕಿ ಹಣ ಎತ್ತಬೇಡಿ. ಅದು ಮಗುವಿನ ಸ್ವಂತ ವಿಷಯ, ಅಲ್ವಾ?

"ಬೇಗ ಮಗು ಕೊಡಿಸುತ್ತೇವೆ" ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಲೇಬೇಡಿ. ದೇಶದಿಂದ ದೇಶಕ್ಕೆ ನಡೆಯುವ ದತ್ತುವಿನಲ್ಲಿ ನಿಜವಾದ ಖರ್ಚು ಮತ್ತು ನ್ಯಾಯವಾದ ಶುಲ್ಕ ಬಿಟ್ಟು ಬೇರೇನೂ ಪಡೆಯಬಾರದು ಎಂದು 1993ರ ಹೇಗ್ ಒಪ್ಪಂದವೇ ಹೇಳುತ್ತದೆ. ಪ್ರತಿ ಪಾವತಿಗೂ ರಸೀದಿ ಕೇಳಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ನಿಮ್ಮ ಮೊತ್ತವನ್ನು ಗುಂಪಿನಲ್ಲಿ ಹಾಕಬೇಕಿಲ್ಲ. ಪ್ರಶ್ನೆಗಳಿದ್ದರೆ ನನಗೆ ನೇರವಾಗಿ ಕಳಿಸಿ.