ಅಕ್ಕನ ಐದು ವರ್ಷ: ಯಾರಿಗೆ, ಯಾತಕ್ಕೆ ಧನ್ಯವಾದ

ಅಕ್ಕ ಟಮಾಕ್ಸಿಫೆನ್ (ಸ್ತನ ಕ್ಯಾನ್ಸರಿಗೆ ಹಾರ್ಮೋನ್ ತಾಗದಂತೆ ತಡೆಯುವ ಮಾತ್ರೆ) ನುಂಗಲು ಶುರುಮಾಡಿ ಈ ತಿಂಗಳಿಗೆ ಐದು ವರ್ಷ. ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಏನೂ ಇಲ್ಲ. ಎರಡನೇ ಹಂತದ ಸ್ತನ ಕ್ಯಾನ್ಸರ್, ಹಾರ್ಮೋನಿಗೆ ಸ್ಪಂದಿಸುವ ಬಗೆಯದು. ವಿಚಾರಿಸಲು ಬಂದವರೆಲ್ಲ ಕೇಳುತ್ತಿರುವುದು ಒಂದೇ: ‘ಯಾವುದರಿಂದ ವಾಸಿಯಾಯ್ತು, ಆಸ್ಪತ್ರೆಯದ್ದರಿಂದಲೋ ನಾಟಿ ಔಷಧದಿಂದಲೋ?’ ಒಬ್ಬೊಬ್ಬರೂ ಮಾಡಿದ ಕೆಲಸ ಹೇಳಿದರೆ ಅದಕ್ಕೂ ಉತ್ತರ ಸಿಗುತ್ತದೆ.

ಮೊದಲ ನಮಸ್ಕಾರ ನಮ್ಮೂರ ಆಯುರ್ವೇದ ಪಂಡಿತರಿಗೆ. ಗಂಟು ನೋಡಿ ಅವರು ಕಷಾಯ ಬರೆಯಲಿಲ್ಲ. ‘ಮೊದಲು ಸೂಜಿ ಪರೀಕ್ಷೆ, ಆಮೇಲೆ ಆಪರೇಷನ್. ನನ್ನ ಹತ್ತಿರ ಬರುವುದು ಅದೆಲ್ಲ ಮುಗಿದ ಮೇಲೆ’ ಅಂದರು. ನಮ್ಮ ಕಡೆ ‘ಒಂದು ಮಂಡಲ ಔಷಧ ತಗೊಂಡು ನೋಡೋಣ’ ಅನ್ನುವ ಮಾತು ಸಲೀಸಾಗಿ ಬಂದುಬಿಡುತ್ತದೆ. ಮಂಡಲವೆಂದರೆ 48 ದಿನ. ಆಪರೇಷನ್ ನಾಲ್ಕು ವಾರ ತಡವಾದರೂ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದು 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆ ಹೇಳುತ್ತದೆ. ಆಸ್ಪತ್ರೆ ಪೂರ್ತಿ ಬಿಟ್ಟವರ ಲೆಕ್ಕವೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಜನರನ್ನು, ಅಂಥದ್ದೇ ಕಾಯಿಲೆಗೆ ಆಸ್ಪತ್ರೆಯ ಚಿಕಿತ್ಸೆ ಪಡೆದ 560 ಜನರ ಜೊತೆ ಹೋಲಿಸಿತು. ಒಟ್ಟಾರೆ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದೂವರೆ ಪಟ್ಟಿಗೂ ಮೇಲೆ.

ಅದೇ ತಂಡದ 2018ರ ಇನ್ನೊಂದು ಅಧ್ಯಯನ ನಮಗೆ ಇದಕ್ಕಿಂತ ಮುಖ್ಯ. ಅದರಲ್ಲಿದ್ದವರೆಲ್ಲ ಆಸ್ಪತ್ರೆಗೆ ಹೋದವರೇ. ಕೆಲವರು ಜೊತೆಗೆ ಬೇರೆ ಔಷಧವನ್ನೂ ತೆಗೆದುಕೊಂಡವರು. ಈ ಕೆಲವರಲ್ಲಿ ಶೇ 34ರಷ್ಟು ಜನ ಕೀಮೋ ಬೇಡವೆಂದರು, ಶೇ 53ರಷ್ಟು ಜನ ರೇಡಿಯೇಷನ್ ಬೇಡವೆಂದರು. ಉಳಿದವರಲ್ಲಿ ಈ ಪ್ರಮಾಣ ಶೇ 3 ಮತ್ತು 2ರ ಆಸುಪಾಸು. ಬೇರೆ ಔಷಧ ಬಳಸಿದವರಲ್ಲಿ ಸಾವಿನ ಅಪಾಯ ಎರಡು ಪಟ್ಟಾಗಿತ್ತು. ಆದರೆ ಹೀಗೆ ಚಿಕಿತ್ಸೆ ನಿರಾಕರಿಸಿದ್ದನ್ನು ಲೆಕ್ಕಕ್ಕೆ ಹಿಡಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಕೊಂದದ್ದು ಕಷಾಯವಲ್ಲ, ಕಷಾಯದ ಧೈರ್ಯದಲ್ಲಿ ಬಿಟ್ಟ ಚಿಕಿತ್ಸೆ. ಪಂಡಿತರು ಆ ಧೈರ್ಯ ಕೊಡಲಿಲ್ಲ. ಅದಕ್ಕೇ ಅವರ ಹೆಸರು ಪಟ್ಟಿಯಲ್ಲಿ ಮೊದಲು.

ಲ್ಯಾಬಿನವರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ನಾವು ಹೇಳುತ್ತೇವೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಿಜವಾಗಿ ಎಡವಟ್ಟಾಗುವುದು ತುಣುಕು ತೆಗೆದ ಮೇಲೆ. ಅದನ್ನು ಒಂದು ಗಂಟೆಯೊಳಗೆ ಶೇ 10ರ ಫಾರ್ಮಲಿನ್‌ಗೆ (ತುಣುಕು ಕೆಡದಂತೆ ಕಾಯುವ ದ್ರಾವಣ) ಹಾಕಬೇಕು, 6ರಿಂದ 72 ಗಂಟೆ ಅದರಲ್ಲೇ ಇರಬೇಕು. ಬರೀ ಸಲೈನಿನಲ್ಲಿ (ಉಪ್ಪುನೀರು) ಹಾಕಿಟ್ಟು ಊರಿಂದೂರಿಗೆ ಕಳಿಸಿದರೆ ಹಾರ್ಮೋನ್ ಪರೀಕ್ಷೆ ಸುಳ್ಳೇ ‘ನೆಗೆಟಿವ್’ ಬರಬಹುದು. ಹಾಗೆ ಬಂದಿದ್ದರೆ ಅಕ್ಕನಿಗೆ ಟಮಾಕ್ಸಿಫೆನ್ನೇ ಸಿಗುತ್ತಿರಲಿಲ್ಲ.

ಇನ್ನು ನಮ್ಮ ಆಂಕಾಲಜಿ (ಕ್ಯಾನ್ಸರ್) ಡಾಕ್ಟ್ರು. ಅವರು ಬೈಯಲಿಲ್ಲ. ‘ಮನೆಯಲ್ಲಿ ಏನೇನು ತಗೊಳ್ತಿದ್ದೀರೋ ಅಷ್ಟೂ ಬಾಟಲಿ, ಪೊಟ್ಟಣ ತನ್ನಿ’ ಅಂದರು. ಬೈಯುತ್ತಾರೆಂದು ಹೆದರಿಯೇ ಜನ ಬಚ್ಚಿಡುವುದು, ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ. ಚೀಲದಲ್ಲಿದ್ದ ಒಂದೊಂದಕ್ಕೂ ಅವರು ಕಾರಣ ಕೊಟ್ಟೇ ತೀರ್ಪು ಹೇಳಿದರು.

ಅಮೃತಬಳ್ಳಿ ಬೇಡ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದ ಕೆಲವರಿಗೆ ಯಕೃತ್ತಿನ ಉರಿಯೂತ ಬಂದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು (ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅದನ್ನೂ ಹೇಳಬೇಕು). ಕೀಮೋ ರೋಗಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧದ ಪ್ರಮಾಣವನ್ನು ಯಕೃತ್ತಿನ ರಕ್ತಪರೀಕ್ಷೆ ನೋಡಿ ನಿರ್ಧರಿಸುತ್ತಾರೆ. ಅಂಕಿ ಏರಿದ್ದು ಕೀಮೋದಿಂದಲೋ ಬಳ್ಳಿಯಿಂದಲೋ ಎಂದು ತಿಳಿಯದಿದ್ದರೆ ಡಾಕ್ಟ್ರು ಕೀಮೋ ತಗ್ಗಿಸುತ್ತಾರೆ ಅಥವಾ ಮುಂದೂಡುತ್ತಾರೆ. ನಷ್ಟ ಆಗುವುದು ಚಿಕಿತ್ಸೆಗೆ.

ಅರಿಸಿನ ಸಾರು ಪಲ್ಯಕ್ಕೆ ಎಷ್ಟು ಬೇಕೋ ಅಷ್ಟು, ಅಡ್ಡಿಯಿಲ್ಲ. ಕರಿಮೆಣಸಿನ ಸಾರ ಬೆರೆಸಿದ ಕರ್ಕ್ಯುಮಿನ್ (ಅರಿಸಿನದ ಸತ್ವ) ಕ್ಯಾಪ್ಸೂಲ್ ಮಾತ್ರ ಬೇಡ. ಟಮಾಕ್ಸಿಫೆನ್ ದೇಹದಲ್ಲಿ ಎಂಡಾಕ್ಸಿಫೆನ್ ಆಗಿ ಮಾರ್ಪಟ್ಟ ಮೇಲೆಯೇ ಚೆನ್ನಾಗಿ ಕೆಲಸ ಮಾಡುವುದು. ಈ ಕ್ಯಾಪ್ಸೂಲ್ ಜೊತೆ ಕೊಟ್ಟು ನೋಡಿದ ಒಂದು ಸಣ್ಣ ಅಧ್ಯಯನದಲ್ಲಿ ರಕ್ತದಲ್ಲಿ ಎಂಡಾಕ್ಸಿಫೆನ್ ಇಳಿದಿತ್ತು. ಲಕ್ಷ್ಮಣ ಫಲದ ಎಲೆ ಕಷಾಯ ಪೂರ್ತಿ ಬೇಡ. ಅದರ ಹೆಸರು ಹಬ್ಬಿದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಪ್ರಯೋಗದಿಂದ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿಮಾಡಿದ ಪುರಾವೆ ಇಲ್ಲ. ಬದಲಿಗೆ ಅದರಲ್ಲಿರುವ ಅನೋನಾಸಿನ್ ನರಕ್ಕೆ ವಿಷ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಕಂಡ ಪಾರ್ಕಿನ್ಸನ್‌ನಂಥ ಕಾಯಿಲೆಗೂ ಈ ಹಣ್ಣು, ಎಲೆಯ ಬಳಕೆಗೂ ನಂಟಿದೆ ಎಂಬ ಶಂಕೆ ಇದೆ. ಭಸ್ಮದ ಪೊಟ್ಟಣದಲ್ಲಿ ಏನಿದೆಯೆಂದು ಬರೆದಿರಲಿಲ್ಲ. ಪಾದರಸ, ಸೀಸ ಇರಬಹುದಾದ್ದರಿಂದ ಅದೂ ಬೇಡ.

ಪಥ್ಯ ಇನ್ನೊಂದು. ಉಪ್ಪು, ಹಾಲು, ಮೊಟ್ಟೆ, ಮೀನು ಬಿಡಿಸುವ ಪಥ್ಯ ಕೀಮೋ ಕಾಲಕ್ಕೆ ಆಗದು. ಆಗ ದಿನಕ್ಕೆ ತೂಕದ ಕಿಲೋಗೊಂದು ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂ ಪ್ರೋಟೀನ್ ಬೇಕು. ಐವತ್ತು ಕಿಲೋ ಹೆಂಗಸು ಗಂಜಿ, ತಿಳಿಸಾರಿನಲ್ಲಿ ಅಷ್ಟು ಮುಟ್ಟಲಾರಳು. ಎರಡು ಮೊಟ್ಟೆ, ಮೊಸರು, ಹೆಸರುಕಾಳು ಸೇರಿಸಿದರೆ ದಾರಿ ಕಾಣುತ್ತದೆ.

ಕೀಮೋ ವಾರ್ಡಿನ ಸಿಸ್ಟರ್‌ಗಳಿಗೆ ದೊಡ್ಡ ನಮಸ್ಕಾರ. ಡಾಕ್ಸೊರೂಬಿಸಿನ್ ಎಂಬ ಕೆಂಪು ಕೀಮೋ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಕೊಳೆಯುತ್ತದೆ. ಹಾಗಾಗಿ ‘ಉರಿ ಅನ್ನಿಸಿದ ತಕ್ಷಣ ಕೂಗಿ, ಸಂಕೋಚ ಬೇಡ’ ಎಂದು ಪ್ರತಿಸಲವೂ ಹೇಳಿದರು. ಮೂತ್ರ ಕೆಂಪಗಾದರೆ ಅದು ರಕ್ತವಲ್ಲ, ಔಷಧದ ಬಣ್ಣ ಎಂದು ಮೊದಲೇ ತಿಳಿಸಿದರು. ಕೀಮೋ ಆಗಿ ಏಳರಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ರಕ್ತಕಣ ತಳಮುಟ್ಟುತ್ತದೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲೆಂದು ಕಾಯುವಂತಿಲ್ಲ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೇ ಏರುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬೀಳಬೇಕು. ಹಸಿ ಗೋಧಿಹುಲ್ಲಿನ ರಸ ಬೇಡವೆಂದದ್ದೂ ಇದೇ ಸೋಂಕಿನ ಭಯಕ್ಕೆ.

ರೇಡಿಯೇಷನ್, ನಮ್ಮವರ ಬಾಯಲ್ಲಿ ‘ಕರೆಂಟ್ ಕೊಡೋದು’, ಮೂರು ವಾರದಲ್ಲಿ 15 ಸಲ. ಅಲ್ಲಿನ ಟೆಕ್ನಿಷಿಯನ್‌ಗಳು ಎದೆಯ ಮೇಲೆ ಹಾಕಿದ ಗುರುತನ್ನು ಎಣ್ಣೆ ಹಚ್ಚಿ ಅಳಿಸಬೇಡಿ ಎಂದು ತಾಳ್ಮೆಯಿಂದ ಹೇಳಿದರು. ಗುರುತು ಹೋದರೆ ಕಿರಣ ಬೀಳುವ ಜಾಗ ತಪ್ಪುತ್ತದೆ.

ಯೋಗ ಹೇಳಿಕೊಟ್ಟ ಟೀಚರ್‌ಗೂ, ಶುಂಠಿ ಕೊಟ್ಟು ಕಳಿಸುತ್ತಿದ್ದ ಅತ್ತೆಗೂ ಥ್ಯಾಂಕ್ಸ್ ಬರೀ ಉಪಚಾರದ್ದಲ್ಲ. ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಬೆಂಗಳೂರಿನಲ್ಲೇ ನಡೆದ ಅಧ್ಯಯನದಲ್ಲಿ ಯೋಗದಿಂದ ಕೀಮೋ ವಾಕರಿಕೆ ಕಡಿಮೆಯಾಗಿದೆ. ವಾಂತಿ ಮಾತ್ರೆಯ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಪುಡಿ ವಾಕರಿಕೆಗೆ ನೆರವಾದದ್ದನ್ನು ಅಮೆರಿಕದ ಪ್ರಯೋಗ ತೋರಿಸಿದೆ. ಎರಡೂ ಗಡ್ಡೆ ಕರಗಿಸುವುದಿಲ್ಲ. ಕೀಮೋ ನಡುವೆ ಬಿಡದಂತೆ ಮಾಡುತ್ತವೆ, ಅದೇನು ಸಣ್ಣ ಕೆಲಸವಲ್ಲ.

ವಾಟ್ಸಾಪಿನಲ್ಲಿ ‘ಇಂಥವರಿಗೆ ಬೇರಿನಿಂದ ವಾಸಿಯಾಯ್ತು’ ಎಂದು ಕಳಿಸಿದ ನೆಂಟರಿಗೂ ಕೃತಜ್ಞರು, ಕಳಿಸಿದ್ದು ಪ್ರೀತಿಯಿಂದಲೇ. ಮುಂದೆ ಕಳಿಸುವ ಮುಂಚೆ ಮೂರು ಮಾತು ಕೇಳಿಕೊಳ್ಳಿ: ಬಯಾಪ್ಸಿ (ಸೂಜಿ ಪರೀಕ್ಷೆ) ರಿಪೋರ್ಟ್ ಇತ್ತೇ? ಬೇರಿಗೆ ಮುಂಚೆ ಆಪರೇಷನ್ ಆಗಿತ್ತೇ? ಎಷ್ಟು ವರ್ಷವಾಯಿತು? ಬಯಾಪ್ಸಿಯಾಗದ ಗಂಟು ಎಷ್ಟೋ ಸಲ ಕ್ಯಾನ್ಸರೇ ಅಲ್ಲ. ಆಪರೇಷನ್ನಿನಲ್ಲೇ ಗಡ್ಡೆ ಹೋಗಿದ್ದರೂ ಹೆಸರು ಆಮೇಲೆ ಕುಡಿದ ಕಷಾಯಕ್ಕೆ ಬರುತ್ತದೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯದ್ದರಂಥ ಕೆಲವು ಕ್ಯಾನ್ಸರ್ ಏನೂ ಮಾಡದಿದ್ದರೂ ವರ್ಷಗಟ್ಟಲೆ ಸುಮ್ಮನಿರುತ್ತವೆ. ಯೇಲ್‌ನ ಮೊದಲ ಅಧ್ಯಯನದಲ್ಲೂ ಪ್ರಾಸ್ಟೇಟ್‌ನಲ್ಲಿ ಸಾವಿನ ಅಪಾಯದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನು ‘ಕೆಮಿಕಲ್ ಬೇಡ, ಗಿಡಮೂಲಿಕೆ ಸಾಕು’ ಅಂದವರಿಗೆ: ಅಕ್ಕನಿಗೆ ಹನಿಹನಿಯಾಗಿ ಇಳಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ. ಇನ್ನೊಂದು ಕೀಮೋ ಔಷಧ ವಿನ್‌ಕ್ರಿಸ್ಟಿನ್ ನಮ್ಮ ಹಿತ್ತಲಿನ ನಿತ್ಯಪುಷ್ಪದ್ದು. ತೊಗಟೆಯೆಂದು ಆಸ್ಪತ್ರೆ ದೂರವಿಟ್ಟಿಲ್ಲ, ಎಷ್ಟು ಮಿಲಿಗ್ರಾಂ ಎಂದು ಅಳೆದು ಕೊಡುತ್ತದೆ ಅಷ್ಟೆ. ಅಂದಹಾಗೆ, ಕ್ಯಾನ್ಸರ್ ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ.

ಕೊನೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಬರೆದುಕೊಟ್ಟವರಿಗೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ತುರ್ತು ಸಂದರ್ಭ ಬಿಟ್ಟರೆ ಈ ಚೀಟಿ ಕೇಳುತ್ತಾರೆ. ದಾಖಲಾಗುವ ಮುಂಚೆಯೇ ಮಾಡಿಸಿಕೊಳ್ಳಿ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲೂ ರಿಯಾಯಿತಿ ಇದೆ. ಅದರ ಫಾರಂಗೆ ಆಸ್ಪತ್ರೆಯ ಸಹಿ, ಸೀಲು ಬೇಕು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ, ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ.