ಉಜಿಜಿ ಶಾಲೆಯ ಓದುವ ಕೋಣೆಗೆ ನಿಮ್ಮ ನೆರವು ಬೇಕು

ಆತ್ಮೀಯ ಕನ್ನಡ ಬಂಧುಗಳೇ,

ತಾಂಜಾನಿಯಾದ ಪಶ್ಚಿಮ ಗಡಿಯಲ್ಲಿ, ಟ್ಯಾಂಗನಿಕಾ ಸರೋವರದ ದಡದಲ್ಲಿ ಉಜಿಜಿ ಎಂಬ ಸಂತೆಯೂರಿದೆ. 1871ರಲ್ಲಿ ಪತ್ರಕರ್ತ ಸ್ಟ್ಯಾನ್ಲಿ ಹುಡುಕಿಕೊಂಡು ಬಂದು ಅನ್ವೇಷಕ ಲಿವಿಂಗ್‌ಸ್ಟನ್‌ರನ್ನು ಕಂಡದ್ದು ಇಲ್ಲೇ, ಸ್ಮಾರಕವೂ ಇದೆ. ಪರದೇಶದ ಇಬ್ಬರು ಭೇಟಿಯಾದದ್ದೇ ಈ ಊರಿನ ಚರಿತ್ರೆಯೆಲ್ಲ ಎಂಬಂತಾಗಿರುವುದು ನಮಗೆ ಬೇಸರ.

ಅದಕ್ಕೂ ಮೊದಲೇ, 1858ರಲ್ಲಿ ಬ್ರಿಟಿಷ್ ಅನ್ವೇಷಕರಾದ ಬರ್ಟನ್ ಮತ್ತು ಸ್ಪೀಕ್ ಬಂದಾಗಲೂ ಇಲ್ಲಿ ವ್ಯಾಪಾರ ಜೋರಾಗಿಯೇ ಇತ್ತು. ಉವಿನ್ಜಾದ ಉಪ್ಪು, ತಾಳೆಎಣ್ಣೆ, ಮೀನು, ಆನೆದಂತ ಎಲ್ಲ ಬರುತ್ತಿದ್ದವು. ಚಿಲ್ಲರೆಯ ಬದಲು ಮಣಿ ನಡೆಯುತ್ತಿತ್ತು: ಚಿಲುಮೆ ನಳಿಗೆಯ ಚೂರಿನಂತೆ ಕಾಣುವ ಸೋಫಿ ಮಣಿ ಕೊಟ್ಟರೆ ಸಂತೆ ಮುಗಿಸಿಕೊಂಡು ಮನೆಗೆ ಹೋಗಬಹುದಿತ್ತು. ಕರಾವಳಿಯ ಬಗಮೊಯೊದಿಂದ ಸುಮಾರು 1,200 ಕಿ.ಮೀ. ದೂರವನ್ನು ಹಮಾಲರು ಹೊರೆ ಹೊತ್ತು ತಿಂಗಳುಗಟ್ಟಲೆ ನಡೆದೇ ಬರುತ್ತಿದ್ದರು. ಆ ಹೊರೆಗಳಲ್ಲಿ ಕಾನಿಕಿ ಎಂಬ ನೀಲಿ ಬಟ್ಟೆಯೂ ಇರುತ್ತಿತ್ತು, ಅದು ಭಾರತದ್ದು. ಮರಳುವಾಗ ವ್ಯಾಪಾರಿಗಳು ದಂತದ ಜೊತೆಗೆ ಗುಲಾಮರನ್ನೂ ಸಾಗಿಸುತ್ತಿದ್ದರು. ಇಂಥ ವ್ಯಾಪಾರಿ ತಂಡಗಳಿಗೆ ಸಾಲ ಕೊಟ್ಟವರಲ್ಲಿ ಜಂಜಿಬಾರ್‌ನ ಭಾರತೀಯ ಸಾಹುಕಾರರೂ ಇದ್ದರು. ಬಟ್ಟೆಯ ಮಾತಾಡಿ ಇದನ್ನು ಬಚ್ಚಿಟ್ಟರೆ ನಮ್ಮ ಕೆಲಸಕ್ಕೆ ಅರ್ಥವಿಲ್ಲ.

1914ರಲ್ಲಿ ರೈಲು ಪಕ್ಕದ ಕಿಗೋಮಕ್ಕೆ ಬಂತು. ವ್ಯಾಪಾರವೂ ಅತ್ತಲೇ ಸರಿಯಿತು. ಸಂತೆಯೇನೋ ಉಳಿದಿದೆ. ರಾತ್ರಿ ದೀಪ ಹಚ್ಚಿ ಹಿಡಿದ, ಬೆರಳಿಗಿಂತ ಚಿಕ್ಕ ದಗಾ ಮೀನನ್ನು ಹೆಂಗಸರು ಬಿಸಿಲಿಗೆ ಹರಡಿ ಒಣಗಿಸುತ್ತಾರೆ; ಗುಪ್ಪೆ ಗುಪ್ಪೆಯಾಗಿ ಮಾರುತ್ತಾರೆ. ಈ ಹೆಂಗಸರ ಮಕ್ಕಳು ಓದುವ ಪ್ರಾಥಮಿಕ ಶಾಲೆಯೊಂದರಲ್ಲಿ ಓದುವ ಕೋಣೆ ಮಾಡಬೇಕೆಂದು ದಾರ್ ಎಸ್ ಸಲಾಮ್‌ನಲ್ಲಿರುವ ನಾವು ಕೆಲವು ಕನ್ನಡಿಗರು ಸೇರಿ ಚಿಕ್ಕ ಟ್ರಸ್ಟ್ ಮಾಡಿಕೊಂಡಿದ್ದೇವೆ.

ಕೋಣೆಯನ್ನು ಶಾಲೆಯವರೇ ಬಿಟ್ಟುಕೊಟ್ಟಿದ್ದಾರೆ. ಆಗಬೇಕಾದದ್ದು ಮರದ ಕಪಾಟು, ಬೆಂಚು, ಸ್ವಾಹಿಲಿ ಪುಸ್ತಕಗಳು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಹಿರಿಯರು ಹೇಳುವ ಸಂತೆಯ ಕಥೆಗಳನ್ನು ಧ್ವನಿಮುದ್ರಿಸಿ, ಅವುಗಳಿಂದ ಮಕ್ಕಳಿಗಾಗಿ ಒಂದು ತೆಳು ಪುಸ್ತಕ ಅಚ್ಚು ಹಾಕಿಸಬೇಕು. ಬರೆಯುವವರು ಅಲ್ಲಿನ ಮೇಷ್ಟರುಗಳೇ. ನಮ್ಮದು ಖರ್ಚು ಹೊಂದಿಸುವ ಕೆಲಸ ಮಾತ್ರ.

ಒಂದು ಕಪಾಟಿಗೆ 2 ಲಕ್ಷ ತಾಂಜಾನಿಯಾ ಶಿಲ್ಲಿಂಗ್ ಹಿಡಿದಿದ್ದೇವೆ. ಪೂರ್ತಿ ಕೊಡಬೇಕೆಂದೇನಿಲ್ಲ, ಹತ್ತು ಸಾವಿರ ಕೊಟ್ಟರೂ ರಸೀದಿ ಉಂಟು. ತಾಂಜಾನಿಯಾದಲ್ಲಿರುವವರು ಮೊಬೈಲಿನಲ್ಲಿ ಹಣ ಕಳಿಸುವ ಎಂ-ಪೆಸಾದಲ್ಲಿ ಕಳಿಸಬಹುದು. ಬೇರೆ ದೇಶದಲ್ಲಿರುವವರು ದಯವಿಟ್ಟು ಮೊದಲು ಖಜಾಂಚಿಯವರನ್ನು ಕೇಳಿ, ಆಮೇಲೆ ಕಳಿಸಿ. ಕಪಾಟಿನ ಮೇಲೆ ದಾನಿಗಳ ಹೆಸರು ಬರೆಸುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಖರ್ಚುವೆಚ್ಚದ ಲೆಕ್ಕವನ್ನು ಮಾತ್ರ ಕೊಟ್ಟವರೆಲ್ಲರಿಗೂ ಕಳಿಸುತ್ತೇವೆ.

ಇತಿ,
ಟ್ರಸ್ಟಿನ ಸದಸ್ಯರು