ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಋಣ

ಈ ಸಲದ ಕ್ಲಾಟ್ (ಕಾನೂನು ಪದವಿಯ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಗಡಿಬಿಡಿ ಮುಗಿಯಿತು. ಮಂಗಳೂರು, ಉಡುಪಿಯ ನಮ್ಮ ಭಾನುವಾರದ ಅಭ್ಯಾಸ ಗುಂಪಿನ ಮಕ್ಕಳಲ್ಲಿ ಕೆಲವರಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದೆ, ಉಳಿದವರು ಊರಿನ ಲಾ ಕಾಲೇಜಿಗೇ ಸೇರಿದ್ದಾರೆ. ಥ್ಯಾಂಕ್ಸ್ ಹೇಳಬೇಕಾದವರು ತುಂಬ ಜನ ಇದ್ದಾರೆ. ಯಾರಿಂದ ಏನು ಉಪಕಾರವಾಯಿತು ಎಂದು ಸ್ವಲ್ಪ ಬಿಡಿಸಿಯೇ ಬರೆಯುತ್ತೇವೆ, ಮುಂದಿನ ಬ್ಯಾಚಿನವರಿಗೂ ಬೇಕಾದೀತು.

ಮೊದಲು ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯ ಅಣ್ಣನಿಗೆ. ಹಳೇ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಕನ್ಸಾರ್ಟಿಯಂನ (ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ) ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಪರೀಕ್ಷೆ ನಡೆಯುವುದು ಕಾಗದದ ಮೇಲೆ, ಮೊಬೈಲಿನಲ್ಲಿ ಬಿಡಿಸಿ ರೂಢಿಯಾದವರಿಗೆ ಅಲ್ಲಿ ಕೈ ಓಡುವುದಿಲ್ಲ. ಓಎಂಆರ್ ಹಾಳೆಯನ್ನು (ಉತ್ತರದ ವೃತ್ತಗಳನ್ನು ಪೆನ್ನಿನಿಂದ ತುಂಬುವ ಹಾಳೆ) ಪುಟಕ್ಕೆ ಹೊಂದಿಸಿ ಪ್ರಿಂಟ್ ತೆಗೆದರೆ ವೃತ್ತಗಳು ಕುಗ್ಗುತ್ತವೆ, ಸಮಯದ ಅಂದಾಜೂ ತಪ್ಪುತ್ತದೆ. ಅಣ್ಣ ಪ್ರತಿ ಸಲ ಶೇಕಡಾ 100ರ ಅಳತೆಯಲ್ಲೇ ತೆಗೆದುಕೊಟ್ಟರು. ಒಂದು ವೃತ್ತಕ್ಕೆ 4 ಸೆಕೆಂಡ್ ಹಿಡಿದರೂ 120 ಪ್ರಶ್ನೆಗೆ 8 ನಿಮಿಷ ಬೇಕು. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದವರು ಒಂದು ಸಾಲು ಜಾರಿದರೆ ಕಥೆ ಮುಗಿಯಿತು, ಬಾಲ್‌ಪೆನ್ನಿನ ಗುರುತು ಅಳಿಸಲಿಕ್ಕಾಗುವುದಿಲ್ಲ. ಒಂದೊಂದು ಪ್ಯಾಸೇಜ್ (ಓದಿ ಉತ್ತರಿಸಲು ಕೊಟ್ಟ ಗದ್ಯಭಾಗ) ಮುಗಿದ ಹಾಗೆ ತುಂಬುತ್ತ ಹೋಗುವುದೇ ಸರಿ.

ಯಾವ ಪತ್ರಿಕೆಯನ್ನು ಯಾವುದಕ್ಕೆ ಬಳಸಬೇಕೆಂದು ವಿಂಗಡಿಸಿ ಕೊಟ್ಟವರು ಲಾ ಕಾಲೇಜಿನ ಹಿರಿಯ ವಿದ್ಯಾರ್ಥಿಗಳು. ಕ್ಲಾಟ್ 2020ರಿಂದ 2023ರ ತನಕ ಎರಡು ಗಂಟೆಗೆ 150 ಪ್ರಶ್ನೆ, 2024ರಿಂದ 120. ಹಾಗಾಗಿ ಸಮಯ ಇಟ್ಟು ಬರೆಯಲು 2024ರ ನಂತರದವು, ಬಿಡಿ ಪ್ಯಾಸೇಜ್‌ಗಳ ಅಭ್ಯಾಸಕ್ಕೆ ಅದಕ್ಕೂ ಹಿಂದಿನವು. ಈಗಿನ ಮಾದರಿಯದ್ದು ಕೆಲವೇ ಇರುವುದರಿಂದ ಅವನ್ನು ಮೊದಲ ತಿಂಗಳಲ್ಲೇ ಮುಗಿಸಿ ಕೈ ಖಾಲಿ ಮಾಡಿಕೊಳ್ಳಬಾರದು. 2020ಕ್ಕೆ ಮುಂಚಿನ 200 ಪ್ರಶ್ನೆಗಳ ಪತ್ರಿಕೆಯ ಗೊಡವೆ ಬೇಡ, ಆ ಮಾದರಿಯೇ ಬೇರೆ.

ದೊಡ್ಡ ಋಣ ಇರುವುದು ನಮ್ಮ ನಿವೃತ್ತ ಇಂಗ್ಲಿಷ್ ಟೀಚರಿಗೆ. ಎರಡು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ತಿದ್ದುಪಡಿ ಎಂದು ಹಟ ಹಿಡಿದವರು ಅವರು. ಪ್ರತಿ ತಪ್ಪಿನ ಪಕ್ಕ ಒಂದು ಅಕ್ಷರ: 'ಗೊ' ಎಂದರೆ ಗೊತ್ತಿರಲಿಲ್ಲ, 'ಓ' ಎಂದರೆ ಓದಿನಲ್ಲಿ ಎಡವಿದ್ದು, 'ಅ' ಎಂದರೆ ಅವಸರ. ಅದೃಷ್ಟದಿಂದ ಸರಿಯಾದ ಉತ್ತರಕ್ಕೂ ಗುರುತು ಹಾಕಬೇಕು, ಮಕ್ಕಳು ಮುಚ್ಚಿಡುವುದು ಅದನ್ನೇ.

ಅವರೇ ಬರೆದ ಒಂದು ಕಂಬಳದ ಪ್ರಶ್ನೆ ಉಂಟು. ಅಪಾಯ ಗೊತ್ತಿದ್ದೂ ಇಷ್ಟಪಟ್ಟು ಒಪ್ಪಿಕೊಂಡವನಿಗೆ ಪರಿಹಾರ ಇಲ್ಲ, ಆಯೋಜಕರ ನಿರ್ಲಕ್ಷ್ಯದಿಂದ ಪೆಟ್ಟಾದರೆ ಮಾತ್ರ ಈ ನಿಯಮ ನಿಲ್ಲುವುದಿಲ್ಲ ಎನ್ನುತ್ತದೆ ಪ್ಯಾಸೇಜ್. ಮುರಿದದ್ದು ಗೊತ್ತಿದ್ದೂ ಸರಿಮಾಡದೆ ಬಿಟ್ಟ ಬೇಲಿ ದಾಟಿ ಕೋಣ ಜನರ ಮೇಲೆ ನುಗ್ಗುತ್ತದೆ. ಪರಿಹಾರ ಉಂಟಾ, ಇಲ್ಲವಾ? 'ಕರೆಯ (ಕೋಣ ಓಡುವ ಕೆಸರು ಗದ್ದೆಯ) ಹತ್ತಿರ ನಿಂತದ್ದು ಅವನ ತಪ್ಪಲ್ಲವಾ' ಎಂದು ಹೆಚ್ಚಿನವರು 'ಇಲ್ಲ' ಬರೆದರು. ಸರಿಯುತ್ತರ 'ಉಂಟು'; ನಿಯಮದ ಮೊದಲರ್ಧ ಸಿಕ್ಕಿದ ಕೂಡಲೇ ಓದು ನಿಂತಿತ್ತು. ಅಂದಿನಿಂದ 'ಅನ್‌ಲೆಸ್', 'ಪ್ರೊವೈಡೆಡ್ ದಟ್', 'ಎಕ್ಸೆಪ್ಟ್' ಥರದ, ನಿಯಮಕ್ಕೆ ಷರತ್ತು ಇಲ್ಲವೇ ಹೊರತು ಹೇಳುವ ಪದ ಕಂಡಲ್ಲೆಲ್ಲ ವೃತ್ತ ಹಾಕುವುದು ಕಡ್ಡಾಯವಾಯಿತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಪಾಠ: ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಲೇಖಕರ ವಾದವನ್ನು ಒಂದೇ ಕನ್ನಡ ವಾಕ್ಯದಲ್ಲಿ ಬರೆಯುವುದು. ಬರೆಯಲಿಕ್ಕಾಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ.

ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ಊಹೆಯ ಹೆದರಿಕೆ ಬಿಡಿಸಿದರು. ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಳೆಯುತ್ತಾರೆ. ಎರಡು ಆಯ್ಕೆ ಹೊಡೆದುಹಾಕಿ ಉಳಿದೆರಡರಲ್ಲಿ ಒಂದಕ್ಕೆ ಗುರುತು ಹಾಕಿದರೆ ಸರಾಸರಿ 0.375 ಅಂಕ ಲಾಭ. ನಾಲ್ಕರಲ್ಲಿ ಕುರುಡು ಊಹೆಗೆ ಬರೀ 0.0625, ಅದಕ್ಕಾಗಿ ಒಂದು ನಿಮಿಷ ಸುಡಬಾರದು. ಗಣಿತದ 10ರಿಂದ 14 ಪ್ರಶ್ನೆಗಳು ಎಸ್ಸೆಸ್ಸೆಲ್ಸಿ ಮಟ್ಟದ ಶೇಕಡಾವಾರು, ಅನುಪಾತಗಳೇ. ಆರ್ಟ್ಸಿನ ಮಕ್ಕಳು ಸುಮ್ಮನೆ ಬಿಟ್ಟುಬರುತ್ತಿದ್ದರು.

ಅಮ್ಮಂದಿರಿಗೂ ಒಂದು ನಮಸ್ಕಾರ. ಕ್ಲಾಟ್ ನಡೆಯುವುದು ಮಧ್ಯಾಹ್ನ 2ರಿಂದ 4, ಅಭ್ಯಾಸವೂ ಅದೇ ಹೊತ್ತಿಗೆ. ಭಾನುವಾರದ ಕೋಳಿ ಸುಕ್ಕ ಉಂಡು ಬಂದವರು ಮೂರನೇ ಪ್ಯಾಸೇಜಿಗೆ ತೂಕಡಿಸುತ್ತಿದ್ದರು. ಸುಕ್ಕವನ್ನು ರಾತ್ರಿಗೆ ದಾಟಿಸಿ ಗಂಜಿ, ಚಟ್ನಿ ಕೊಟ್ಟು ಕಳಿಸಿದಿರಲ್ಲ, ಅದು ಸಣ್ಣ ಉಪಕಾರ ಅಲ್ಲ ಮಾರಾಯ್ರೆ.

ಉಳಿದ ಖಾಲಿ ಓಎಂಆರ್ ಹಾಳೆಗಳೂ ತಪ್ಪುಗಳ ಎರಡು ನೋಟ್‌ಬುಕ್ಕುಗಳೂ ಜೆರಾಕ್ಸ್ ಅಂಗಡಿಯಲ್ಲೇ ಉಂಟು. ಪಿಯುಸಿ ಮಕ್ಕಳು ಯಾರು ಬೇಕಾದರೂ ಕೇಳಿ ತೆಗೆದುಕೊಳ್ಳಬಹುದು.